ಸೀಸೆಯೊಳಗಿನ ಜೀವವಿಕಾಸ ಮತ್ತು ದೈವಪಾಲನೆ

ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಧರ್ಮಕೇಂದ್ರಗಳಲ್ಲಿ ನಮ್ಮ ಪ್ರಬೋಧನೆ ಕೇಳಲು ಕೂರುವವರಲ್ಲಿ ಜೀವವಿಜ್ಞಾನ ಓದಿದವರೂ ಪ್ರಯೋಗಾಲಯಗಳಲ್ಲಿ ದುಡಿಯುವವರೂ ಇದ್ದಾರೆ. "ಜೀವವಿಕಾಸವನ್ನು ಕಣ್ಣಾರೆ ಕಂಡವರು ಯಾರು?" ಎಂದು ನಾವು ಪೀಠದಿಂದ ಕೇಳಿದರೆ ಅವರು ಮರ್ಯಾದೆಗಾಗಿ ಸುಮ್ಮನಿರಬಹುದು, ಉತ್ತರವಂತೂ ಅವರಿಗೆ ಗೊತ್ತು.

1988ರ ಫೆಬ್ರವರಿ 24ರಂದು ರಿಚರ್ಡ್ ಲೆನ್ಸ್ಕಿ ಎಂಬ ವಿಜ್ಞಾನಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದೇ ಮೂಲದ ಇ. ಕೋಲಿ ಬ್ಯಾಕ್ಟೀರಿಯವನ್ನು 12 ಸೀಸೆಗಳಲ್ಲಿ ಬೆಳೆಸತೊಡಗಿದರು. ಆಹಾರ ಅಲ್ಪ ಗ್ಲೂಕೋಸ್ ಮಾತ್ರ. ಪ್ರತಿದಿನ ನೂರರಲ್ಲಿ ಒಂದು ಭಾಗವನ್ನು ಹೊಸ ದ್ರವಕ್ಕೆ ವರ್ಗಾಯಿಸುವುದು, ಉಳಿದ 99 ಭಾಗವನ್ನು ತೊರೆಯುವುದು: ಇಷ್ಟೇ ವಿಧಾನ. ದಿನಕ್ಕೆ ಆರೂವರೆಗೂ ಮಿಕ್ಕಿ ತಲೆಮಾರುಗಳು ಕಳೆಯುತ್ತವೆ. ಪ್ರತಿ 500 ತಲೆಮಾರಿಗೊಮ್ಮೆ ಮಾದರಿಯನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಕರಗಿಸಿದರೆ ಅದು ಮತ್ತೆ ಬೆಳೆಯುವುದರಿಂದ ಪೂರ್ವಜರನ್ನೂ ಸಂತತಿಯನ್ನೂ ಒಂದೇ ಸೀಸೆಯಲ್ಲಿ ಸ್ಪರ್ಧೆಗೆ ಬಿಟ್ಟು ನೋಡಬಹುದು. ಹನ್ನೆರಡೂ ಸಮುದಾಯಗಳು ತಮ್ಮ ಪೂರ್ವಜರನ್ನು ಮೀರಿಸಿದವು.

ಆ ದ್ರವದಲ್ಲಿ ಮೊದಲಿನಿಂದಲೂ ಸಿಟ್ರೇಟ್ ಇತ್ತು. ಆಮ್ಲಜನಕವಿರುವಾಗ ಸಿಟ್ರೇಟನ್ನು ಉಣ್ಣಲಾರದಿರುವುದು ಇ. ಕೋಲಿಯ ಗುರುತುಗಳಲ್ಲೊಂದು. 2003ರಲ್ಲಿ, 31,000ಕ್ಕೂ ಹೆಚ್ಚು ತಲೆಮಾರುಗಳ ತರುವಾಯ, ಒಂದು ಸಮುದಾಯ ಅದನ್ನು ಉಣ್ಣತೊಡಗಿತು. ಉಳಿದ ಹನ್ನೊಂದಕ್ಕೆ ಆಗಲಿಲ್ಲ. ಇದು ಶೂನ್ಯದಿಂದ ಬಂದದ್ದಲ್ಲ. ಆಮ್ಲಜನಕವಿಲ್ಲದಾಗ ಮಾತ್ರ ಕೆಲಸಮಾಡುತ್ತಿದ್ದ ಹಳೆಯ ಜೀನ್ ಇಮ್ಮಡಿಯಾಗಿ, ಅದರ ಒಂದು ಪ್ರತಿ ಆಮ್ಲಜನಕವಿದ್ದಾಗಲೂ ಎಚ್ಚರವಿರುವ ಮತ್ತೊಂದು ನಿಯಂತ್ರಕದ ಪಕ್ಕಕ್ಕೆ ಬಂದಿತ್ತು. ಜಕಾರಿ ಬ್ಲೌಂಟ್ ಹೆಪ್ಪುಗಟ್ಟಿದ ಮಾದರಿಗಳನ್ನು ಕರಗಿಸಿ ಇತಿಹಾಸವನ್ನು ಮರಳಿ ಓಡಿಸಿ ನೋಡಿದಾಗ, ಮೂಲ ಪೂರ್ವಜರಿಂದ ಈ ಗುಣ ಒಮ್ಮೆಯೂ ಹುಟ್ಟಲಿಲ್ಲ. ಸುಮಾರು 20,000ನೇ ತಲೆಮಾರಿನಿಂದ ಈಚಿನವುಗಳಲ್ಲಿ, ಅದೂ ಅಪರೂಪಕ್ಕೆ, ಹುಟ್ಟಿತು. ದಾರಿಯನ್ನು ಮೊದಲೇ ಹದಗೊಳಿಸಿದ ಬದಲಾವಣೆಗಳಿದ್ದವು. ಬ್ಯಾಕ್ಟೀರಿಯ ಬ್ಯಾಕ್ಟೀರಿಯವಾಗಿಯೇ ಉಳಿಯಿತಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಹೊಸ ಸಾಮರ್ಥ್ಯವೇ ಹುಟ್ಟದು ಎಂಬ ವಾದಕ್ಕೆ ಅದರಿಂದ ಬಲ ಬಾರದು.

ಇದರಿಂದ ದೇವರಿಗೆ ಸ್ಥಳವಿಲ್ಲದಾಯಿತೆ? ಆಕಸ್ಮಿಕವೆಂದರೆ ದೈವಪಾಲನೆಯ ಅಭಾವ ಎಂದು ಭಾವಿಸಿದವರಿಗೆ ಮಾತ್ರ ಹಾಗನಿಸೀತು. ಸಂತ ತೋಮಸ್ ಅಕ್ವಿನಾಸರು ಸುಮ್ಮ ಕಾಂತ್ರ ಜೆಂತಿಲೆಸ್ ಗ್ರಂಥದ ಮೂರನೆಯ ಭಾಗದ 74ನೇ ಅಧ್ಯಾಯವನ್ನು, ದೈವಪಾಲನೆಯು ಆಕಸ್ಮಿಕವನ್ನು ಹೊರಗಿಡದು ಎಂಬುದನ್ನು ಸ್ಥಾಪಿಸಲೆಂದೇ ಬರೆದರು. ದೇವರು ಪ್ರಥಮ ಕಾರಣ. ಸೃಷ್ಟವಸ್ತುಗಳು ನಿಜವಾದ ದ್ವಿತೀಯ ಕಾರಣಗಳು. ಅವರು ಜೀನ್‌ಗಳ ನಡುವೆ ಬಿಡುವು ಹುಡುಕುವ ಇನ್ನೊಂದು ಶಕ್ತಿಯಲ್ಲ. ಜಗದ್ಗುರು ದ್ವಿತೀಯ ಜಾನ್ ಪಾಲರೂ 1996ರಲ್ಲಿ ವಿಕಾಸವಾದವನ್ನು ಬರಿಯ ಊಹೆಗಿಂತ ಮಿಗಿಲಾದುದೆಂದು ಒಪ್ಪಿದರು. ಈ ತನಕ ನಮಗೆ ಅಳುಕಿಲ್ಲ.

ಅಳುಕು ಬೇರೆ ಕಡೆ ಇದೆ. ನಮ್ಮ ನಗರದ್ದೇ ಆದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅಶ್ವಿನ್ ಶೇಷಶಾಯಿಯವರ ತಂಡ ಇ. ಕೋಲಿಗೆ ಒಂದು ತಿಂಗಳು ಹೊಸ ಆಹಾರ ಕೊಡದೆ ಕಾದು ನೋಡಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಲೆನ್ಸ್ಕಿಯವರ ಸೀಸೆಗಳಲ್ಲಿ ದಿನವೂ ಊಟವಿತ್ತು, ಇಲ್ಲಿ ಹಸಿವು ಮಾತ್ರ. ಹಸಿದ ಸಮುದಾಯಗಳಲ್ಲಿ ಬದಲಾವಣೆಗಳು ತುಂಬಿದವು. ಬೇರೆ ಬೇರೆ ಸೀಸೆಗಳಲ್ಲಿ ಅದೇ ಜೀನ್‌ಗಳು ಮತ್ತೆ ಮತ್ತೆ ಬದಲಾದವು. ಬರಿಯ ಆಕಸ್ಮಿಕದಿಂದ ಇದನ್ನು ವಿವರಿಸಲಾಗದು; ಆಯ್ಕೆ ಕೆಲಸಮಾಡಿದೆ. ಆಯ್ಕೆ ಎಂಬ ಸೌಮ್ಯ ಪದದ ಅರ್ಥ ಇಲ್ಲಿ ಇಷ್ಟೆ: ಇಂಥ ಸೀಸೆಯಲ್ಲಿ ಬಹುಪಾಲು ಸಾಯುತ್ತವೆ, ಉಳಿದವು ಸತ್ತವುಗಳ ಅವಶೇಷದಿಂದ ಬದುಕುತ್ತವೆ.

ಬ್ಯಾಕ್ಟೀರಿಯಕ್ಕೆ ನೋವಿಲ್ಲ ಎಂದು ಇಲ್ಲಿ ಮುಗಿಸಬಹುದಿತ್ತು. ಆದರೆ ನೋವುಳ್ಳ ಪ್ರಾಣಿಗಳೂ ಇದೇ ದಾರಿಯಲ್ಲಿ ಬಂದವು. ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಸಂತ ಪೌಲರು ಹೇಳುವ ಸೃಷ್ಟಿಯ ನರಳಾಟವನ್ನು ನಾವು ಇದುವರೆಗೆ ಆದಾಮನ ಪಾಪದ ನಂತರದ ಕಥೆಯಾಗಿಯೇ ಬೋಧಿಸಿದ್ದೇವೆ. ಆದಾಮನಿಗೂ ಮುಂಚಿನ ಆ ನರಳಾಟವನ್ನು ಹೇಗೆ ಬೋಧಿಸಬೇಕು ಎಂಬುದು ನಮ್ಮ ಗುರುಮಠದ ತರಗತಿಗಳಲ್ಲಿ ಇನ್ನೂ ಚರ್ಚೆಗೆ ಬರಬೇಕಾಗಿದೆ.