ಕಾಡಿನ ಗೋಂದು, ಬಾಯಿಯ ಬರ

ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಮೆಡಿಕಲ್ ಸ್ಟೋರಿಗೆ ಹೋಗಿ "ಹಲ್ಲುಸೆಟ್ಟಿಗೆ ಹಾಕೋ ಪೌಡರ್ ಕೊಡಿ" ಎಂದು ಕೇಳುವ ಹಿರಿಯರು ಬಹಳ ಮಂದಿ. ಆ ಪುಟ್ಟ ಡಬ್ಬಿಯ ವಂಶಾವಳಿ ಹುಡುಕುತ್ತ ಹೋದರೆ ಆಂಧ್ರ ಮತ್ತು ಮಧ್ಯಭಾರತದ ಒಣ ಕಾಡುಗಳನ್ನು ಮುಟ್ಟುತ್ತೇವೆ. ಅಲ್ಲಿ ಬೂದುಬಿಳಿ ತೊಗಟೆಯ ಒಂದು ಮರವಿದೆ, ಸ್ಟರ್ಕ್ಯೂಲಿಯಾ ಯುರೆನ್ಸ್. ಬೇಸಿಗೆಯಲ್ಲಿ ತೊಗಟೆಗೆ ಗಾಯ ಮಾಡಿದರೆ ಗೋಂದು ಒಸರುತ್ತದೆ. ಆದಿವಾಸಿಗಳು ಕಿತ್ತು ತರುವ ಅದೇ ಕರಾಯ ಗೋಂದು. ಇರಾನಿನ ಕಡೆಯಿಂದ ಬರುತ್ತಿದ್ದ ದುಬಾರಿ ಟ್ರಾಗಕಾಂತ್ ಗೋಂದಿಗೆ ಬದಲಿಯಾಗಿ ಇದು 20ನೇ ಶತಮಾನದ ಆರಂಭದಲ್ಲಿ ಹಡಗು ಹತ್ತಿತು. ನುಣ್ಣಗೆ ಪುಡಿಯಾಗಿ ಕಟ್ಟಿಸಿದ ಹಲ್ಲಿನ ಅಂಟಾಯಿತು.

ಕರಾಯದ ಗುಣವೆಂದರೆ ನೀರು ಕುಡಿದು ಹಲವು ಪಟ್ಟು ಉಬ್ಬುವುದು. ಆದರೆ ಅದರಲ್ಲಿ ಹುಳಿ ಅಂಶ ಹೆಚ್ಚು, ಉಳಿದಿರುವ ಸ್ವಂತ ಹಲ್ಲಿನ ಎನಾಮಲ್ಲಿಗೆ ಒಳ್ಳೆಯದಲ್ಲ. ಹಾಗಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಂಥ ತಯಾರಿಸಿದ ಅಂಟುಗಳು ಮುಂದೆ ಬಂದವು. ಕೆಲವು ಕ್ರೀಮುಗಳಿಗೆ ಸತುವನ್ನೂ ಸೇರಿಸಿದರು. ವಾರಕ್ಕೆ ಎರಡು ಟ್ಯೂಬಾದರೂ ಹಚ್ಚುತ್ತಿದ್ದ ಕೆಲವು ಅಮೆರಿಕನ್ನರ ದೇಹದಲ್ಲಿ ಸತು ಅತಿಯಾಗಿ ತಾಮ್ರ ಕುಸಿದು ನರಗಳು ಕೆಟ್ಟಿದ್ದನ್ನು ವೈದ್ಯರು 2008ರಲ್ಲಿ ವರದಿ ಮಾಡಿದರು. 2010ರಲ್ಲಿ ಒಂದು ದೊಡ್ಡ ಕಂಪನಿ ಸತುವಿನ ಕ್ರೀಮನ್ನೇ ನಿಲ್ಲಿಸಿತು.

ಅಷ್ಟೊಂದು ಅಂಟು ಯಾಕೆ ಬೇಕಾಗುತ್ತದೆ? ನನ್ನನ್ನು ಕಾಡುವುದು ಈ ಪ್ರಶ್ನೆ. ಹಲ್ಲುಸೆಟ್ಟನ್ನು, ಅದರಲ್ಲೂ ಮೇಲಿನದನ್ನು, ಮುಖ್ಯವಾಗಿ ಹಿಡಿದಿಡುವುದು ಪ್ಲೇಟಿಗೂ ಒಸಡಿಗೂ ನಡುವಿನ ತೆಳ್ಳನೆ ಎಂಜಲಿನ ಪದರ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುವ ಆ ಎಂಜಲು ಬತ್ತಿದರೆ ಸೆಟ್ಟು ಜಾರುತ್ತದೆ, ಒಸಡು ಉಜ್ಜಿ ಹುಣ್ಣಾಗುತ್ತದೆ. ಪುಡಿಗೂ ತೇವವೇ ಬೇಕು. ಒಣ ಬಾಯಲ್ಲಿ ಅದು ಗಂಟುಕಟ್ಟಿ ಕೂರುತ್ತದೆ. ಅಂಟಿಲ್ಲವೆಂದು ಇನ್ನಷ್ಟು ಸುರಿಯುತ್ತಾರೆ.

ಬಾಯಿ ಒಣಗಲು ವಯಸ್ಸೊಂದೇ ಕಾರಣವಲ್ಲ. ಬಿಪಿಯ ಕೆಲವು ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಅಲರ್ಜಿ ಮಾತ್ರೆ, ರಾತ್ರಿ ನಿದ್ದೆಗೆಂದು ಕೊಡುವ ಅಮಿಟ್ರಿಪ್ಟಿಲಿನ್ ಎಲ್ಲವೂ ಎಂಜಲು ಇಂಗಿಸಬಲ್ಲವು. ಸಕ್ಕರೆ ಕಾಯಿಲೆಯೂ ಸೇರುತ್ತದೆ. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಬಸ್ಸು ಹತ್ತುವ ಅಜ್ಜಿ, ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಿಗ್ಗೆಯಿಂದ ನೀರನ್ನೇ ಮುಟ್ಟಿರುವುದಿಲ್ಲ. ಇದು ಯಾವ ವೈದ್ಯರ ಚೀಟಿಯಲ್ಲೂ ಬರೆದಿರುವುದಿಲ್ಲ.

ಇನ್ನೊಂದು ಕಾರಣ ದವಡೆ. ಹಲ್ಲು ಹೋದ ಮೇಲೆ ಮೂಳೆ ಸವೆಯುತ್ತ ಹೋಗುತ್ತದೆ. ಕೆಳದವಡೆ ಮೇಲಿನದರ ಸುಮಾರು ನಾಲ್ಕು ಪಟ್ಟು ಸವೆಯುತ್ತದೆಂದು ಸಂಶೋಧಕಿ ಆಂಟ್ಯೆ ತಾಲ್‌ಗ್ರೆನ್ 25 ವರ್ಷ ಗಮನಿಸಿ 1972ರಲ್ಲಿ ತೋರಿಸಿದರು. ಇಂದು ಅಳತೆಗೆ ಕೂತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದು ಸಹಜ. ಆಗ ಬೇಕಾದದ್ದು ರೀಲೈನಿಂಗ್, ಅಂದರೆ ಒಳಮೈಗೆ ಹೊಸ ಪದರ ಕೊಟ್ಟು ಕೂರಿಸುವುದು.

ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತ ಭಾಗ್ಯ ಯೋಜನೆಯನ್ನು ನಮ್ಮ ಸರ್ಕಾರ ಕಳೆದ ದಶಕದಲ್ಲಿ ತಂದದ್ದು ದೊಡ್ಡ ಕೆಲಸ. ಬೋಳುಬಾಯಿಯವರು ಮುದ್ದೆಯನ್ನೇನೋ ನುಂಗಿಯಾರು, ಹುರುಳಿಕಾಳನ್ನು ಅಗಿಯುವುದು ಹೇಗೆ? ಆದರೆ ಸೆಟ್ಟು ಕೊಟ್ಟ ಮೇಲಿನ ವರ್ಷಗಳಿಗೂ ಅಷ್ಟೇ ಕಾಳಜಿ ಬೇಕು.

ಅಂಟು ಹಾಕುವವರು ತೊಳೆದ ಪ್ಲೇಟು ಒದ್ದೆಯಿರುವಾಗಲೇ ತೆಳ್ಳಗೆ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಬಾಯಿಗಿಟ್ಟು ಕೆಲವು ಕ್ಷಣ ಒತ್ತಿ ಹಿಡಿಯಲಿ. ರಾತ್ರಿ ತೆಗೆದು ನೀರಿನಲ್ಲಿಡಲಿ. ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದ್ದರೆ ಮತ್ತಿಕೆರೆ ಬಳಿಯ ರಾಮಯ್ಯ ದಂತ ಕಾಲೇಜಿಗೋ ಹುಣಸಮಾರನಹಳ್ಳಿಯ ಕೃಷ್ಣದೇವರಾಯ ದಂತ ಕಾಲೇಜಿಗೋ ಹೋಗಿ ತೋರಿಸಲಿ, ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲದಲ್ಲಿ ಹಾಕಿಕೊಳ್ಳಲಿ.