ಮುಚ್ಚಿದ ಮೇಲೆ ತಣ್ಣಗಾದ ಎಂಜಿನ್

ಬಿಸಿಯಾದದ್ದನ್ನು ಗಾಳಿಗೆ ತೆರೆದಿಟ್ಟರೆ ಆರುತ್ತದೆ. 1920ರ ದಶಕದ ವಿಮಾನ ಎಂಜಿನಿಯರುಗಳು ನೆಚ್ಚಿಕೊಂಡಿದ್ದದ್ದು ಇದನ್ನೇ. ಅಮೆರಿಕದ ರೈಟ್ ಕಂಪನಿಯ ವರ್ಲ್‌ವಿಂಡ್ ಜೆ-5 ಆಗಿನ ಹೆಸರಾಂತ ಎಂಜಿನ್. ನಡುವಿನ ಕ್ರ್ಯಾಂಕ್‌ಕೇಸಿನ ಸುತ್ತ ಒಂಬತ್ತು ಸಿಲಿಂಡರುಗಳು, ಸುಮಾರು 220 ಅಶ್ವಶಕ್ತಿ. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹಾರಿದ್ದು ಈ ಎಂಜಿನ್ನಿನ ಬಲದಲ್ಲಿ. ಇದಕ್ಕೆ ರೇಡಿಯೇಟರ್ ಇಲ್ಲ, ನೀರಿನ ಕೊಳವೆ ಇಲ್ಲ, ಸೋರುವ ಭಯವೂ ಇಲ್ಲ. ಸಿಲಿಂಡರಿನ ಮೈಮೇಲೆ ತೆಳುವಾದ ಲೋಹದ ಫಿನ್‌ಗಳಿದ್ದವು. ಎದುರುಗಾಳಿ ಅವುಗಳ ನಡುವೆ ಹಾದು ಶಾಖವನ್ನು ಒಯ್ಯುತ್ತಿತ್ತು.

ಆದರೆ ಗಾಳಿಗೆ ಚಾಚಿಕೊಂಡ ಒಂಬತ್ತು ಸಿಲಿಂಡರುಗಳು ವಿಮಾನವನ್ನು ಹಿಂದಕ್ಕೂ ಎಳೆಯುತ್ತಿದ್ದವು. ವೇಗ ಏರಿದಂತೆ ಈ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮುಚ್ಚಿದರೆ ಎಂಜಿನ್ ಸುಡುತ್ತದೆ, ತೆರೆದರೆ ವಿಮಾನ ನಿಧಾನವಾಗುತ್ತದೆ. ಈ ಇಕ್ಕಟ್ಟಿಗೆ ದಾರಿ ಹುಡುಕಿ ಎಂದು ಅಮೆರಿಕದ ನೌಕಾಪಡೆ 1926ರಲ್ಲಿ ಕೇಳಿತು, ಮರುವರ್ಷ ವಿಮಾನ ತಯಾರಕರೂ ಕೇಳಿದರು. ಕೇಳಿದ್ದು ನಾಕಾ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯನ್ನು. ಇಂದಿನ ನಾಸಾ ಹುಟ್ಟಿದ್ದು ಅದರಿಂದಲೇ.

ನಾಕಾದ ಪ್ರಯೋಗಾಲಯ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿತ್ತು. ಪುಟ್ಟ ಮಾದರಿಗಳನ್ನು ಇಟ್ಟು ಪರೀಕ್ಷಿಸುವ ಗಾಳಿ ಸುರಂಗಗಳು ಆಗಲೇ ಇದ್ದವು. ಆದರೆ ಎಂಜಿನ್ನಿನ ಶಾಖವನ್ನು ಮಾದರಿಯಲ್ಲಿ ಅಳೆಯಲಾಗದು. ನಿಜವಾದ ಎಂಜಿನ್ನೇ ಉರಿಯಬೇಕು, ನಿಜವಾದ ಪ್ರೊಪೆಲ್ಲರೇ ತಿರುಗಬೇಕು. ಅದಕ್ಕಾಗಿ 1927ರಲ್ಲಿ ಅಲ್ಲಿ ಇಪ್ಪತ್ತು ಅಡಿ ಬಾಯಿಯ ಸುರಂಗವೊಂದು ಸಿದ್ಧವಾಯಿತು. ಅದರ ಫ್ಯಾನ್ ತಿರುಗಿಸಲು ಬೇಕಾದಷ್ಟು ವಿದ್ಯುತ್ ಸಿಗದ ಕಾರಣ, ಹಳೆಯ ಜಲಾಂತರ್ಗಾಮಿಯೊಂದರಿಂದ ಕಳಚಿದ ತಲಾ ಸಾವಿರ ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳನ್ನು ತಂದು ಜೋಡಿಸಿದರು. ನೀರಿನಡಿ ಓಡುತ್ತಿದ್ದ ಯಂತ್ರಗಳು ಗಂಟೆಗೆ 175 ಕಿಲೋಮೀಟರಿನ ಗಾಳಿಯನ್ನು ಎಬ್ಬಿಸಿದವು. ಈ ಸುರಂಗದ ಹೊಣೆ ಹೊತ್ತವರು ಇಪ್ಪತ್ತೆಂಟರ ಆಸುಪಾಸಿನ ಎಂಜಿನಿಯರ್ ಫ್ರೆಡ್ ವೀಕ್.

ವೀಕ್ ಮತ್ತು ಅವರ ತಂಡ ಒಂದೇ ಉಪಾಯಕ್ಕೆ ಜೋತುಬೀಳಲಿಲ್ಲ. ಪೂರಾ ಬತ್ತಲೆ ಎಂಜಿನ್ನಿನಿಂದ ಹಿಡಿದು ಪೂರಾ ಮುಚ್ಚಿದ ಎಂಜಿನ್ನಿನವರೆಗೆ ಹತ್ತು ಬಗೆಯ ಹೊದಿಕೆಗಳನ್ನು ಸಾಲಾಗಿ ಪರೀಕ್ಷಿಸುವ ಯೋಜನೆ ಹಾಕಿಕೊಂಡರು. ವಿಮಾನದವರ ಮಾತಿನಲ್ಲಿ ಈ ಹೊದಿಕೆಯೇ ಕೌಲಿಂಗ್. ಪ್ರತಿಯೊಂದಕ್ಕೂ ಎರಡು ಲೆಕ್ಕ: ಗಾಳಿಯ ತಡೆ ಎಷ್ಟು, ಸಿಲಿಂಡರಿನ ಬಿಸಿ ಎಷ್ಟು. ಸಿಲಿಂಡರುಗಳನ್ನು ಅರೆಬರೆ ಮುಚ್ಚಿದ ಹೊದಿಕೆಗಳಿಂದ ಲಾಭ ಅಷ್ಟಕ್ಕಷ್ಟೆ. ಹತ್ತನೆಯದು ಮಾತ್ರ ಎಂಜಿನ್ನನ್ನು ಇಡಿಯಾಗಿ ಒಳಗೆ ಸೇರಿಸಿಕೊಂಡಿತ್ತು. ಮುಂದೆ ಪ್ರೊಪೆಲ್ಲರಿನ ನಡುಭಾಗದ ಸುತ್ತ ಗಾಳಿ ಒಳಬರಲು ಜಾಗ, ಹಿಂದೆ ವಿಮಾನದ ಮೈಗೂ ಹೊದಿಕೆಯ ಅಂಚಿಗೂ ನಡುವೆ ಹೊರಹೋಗಲು ಒಂದು ಸಂದು. ಮುಂಚೂಣಿಯ ಅಂಚು ನುಣುಪಾಗಿ ಒಳಕ್ಕೆ ಬಾಗಿತ್ತು.

ಮೊದಲ ಸಲ ಓಡಿಸಿದಾಗ ಎಂಜಿನ್ ಮಿತಿಮೀರಿ ಕಾಯಿತು. ಅನುಭವಸ್ಥರು ಹೇಳುತ್ತಿದ್ದದ್ದು ನಿಜವಾದಂತೆ ಕಂಡಿತು. ಈ ಕತೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಆ ಮೇಲಿನ ಕೆಲಸ. ಅವರು ಹೊದಿಕೆಯನ್ನು ಕಿತ್ತೊಗೆಯಲಿಲ್ಲ. ಗಾಳಿ ಒಳಬರುವ ಬಾಯನ್ನು, ಹೊರಹೋಗುವ ಸಂದನ್ನು ಮತ್ತೆ ಮತ್ತೆ ತಿದ್ದಿದರು. ಒಳಗೆ ತಗಡಿನ ಹಲಗೆಗಳನ್ನಿಟ್ಟು ಬಿಸಿ ಹೆಚ್ಚಿರುವ ಕಡೆಗೇ ಗಾಳಿಯನ್ನು ತಿರುಗಿಸಿದರು. ಕೊನೆಗೆ ಮುಚ್ಚಿದ ಎಂಜಿನ್ ಬೇಕಾದಷ್ಟು ತಣ್ಣಗೆ ಓಡತೊಡಗಿತು. ಗಾಳಿಯ ತಡೆಯೋ, ಬತ್ತಲೆ ಎಂಜಿನ್ನಿನದಕ್ಕಿಂತ ಅರ್ಧಕ್ಕೂ ಕೆಳಗೆ ಇಳಿದಿತ್ತು. ಅಷ್ಟು ದೊಡ್ಡ ಇಳಿಕೆಯನ್ನು ಅವರು ಯಾರೂ ನಿರೀಕ್ಷಿಸಿರಲಿಲ್ಲ.

ಬತ್ತಲೆ ಸಿಲಿಂಡರಿಗೆ ಗಾಳಿ ಎದುರಿನಿಂದ ಬಡಿದು, ಬೆನ್ನಿನ ಕಡೆ ತಲುಪುವ ಮೊದಲೇ ಮೈಬಿಟ್ಟು ಸಿಡಿದುಹೋಗುತ್ತದೆ. ಮುಂಬದಿ ತಣ್ಣಗಿದ್ದರೆ ಹಿಂಬದಿ ಕುದಿಯುತ್ತದೆ. ಸುರಿಯುವ ಗಾಳಿಯಲ್ಲಿ ಬಹುಪಾಲು ಫಿನ್‌ಗಳನ್ನು ಮುಟ್ಟುವುದೇ ಇಲ್ಲ, ಆದರೂ ವಿಮಾನವನ್ನು ತಡೆಯುತ್ತದೆ. ತೋಟಕ್ಕೆ ನೀರು ಹಾಯಿಸುವವರಿಗೆ ಇದು ಗೊತ್ತು: ಬದು ಒಡೆದಿದ್ದರೆ ಎಷ್ಟು ನೀರು ಬಿಟ್ಟರೂ ಗಿಡದ ಬುಡಕ್ಕೆ ಹೋಗುವುದಿಲ್ಲ. ಹತ್ತನೆಯ ಕೌಲಿಂಗ್ ಕಡಿಮೆ ಗಾಳಿಯನ್ನು ಒಳಗೆ ಬಿಟ್ಟುಕೊಂಡು, ಬಿಟ್ಟುಕೊಂಡದ್ದನ್ನು ಕೆಲಸಕ್ಕೆ ಹಚ್ಚಿತು.

ಸುರಂಗದಲ್ಲಿ ಕಂಡದ್ದು ಆಕಾಶದಲ್ಲೂ ನಿಲ್ಲುವುದೇ ಎಂದು ನೋಡಲು ಸೇನೆಯಿಂದ ಒಂದು ಕರ್ಟಿಸ್ ಹಾಕ್ ವಿಮಾನವನ್ನು ಎರವಲು ತಂದರು. ಹೊದಿಕೆ ಹಾಕಿದ ಮೇಲೆ ಅದರ ಗರಿಷ್ಠ ವೇಗ ಗಂಟೆಗೆ 190 ಕಿಲೋಮೀಟರಿನಿಂದ 220ಕ್ಕೆ ಏರಿತು. ಎಂಜಿನ್ ಅದೇ, ಪೆಟ್ರೋಲ್ ಅದೇ. 1928ರ ನವೆಂಬರಿನಲ್ಲಿ ವೀಕ್ ಅವರ ವರದಿ ಪ್ರಕಟವಾಯಿತು. 1929ರ ಫೆಬ್ರುವರಿಯಲ್ಲಿ ಫ್ರಾಂಕ್ ಹಾಕ್ಸ್ ಎಂಬ ಪೈಲಟ್ ಈ ಹೊದಿಕೆ ತೊಡಿಸಿದ ಲಾಕ್‌ಹೀಡ್ ಏರ್ ಎಕ್ಸ್‌ಪ್ರೆಸ್ ವಿಮಾನದಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 18 ಗಂಟೆಯಲ್ಲಿ ಹಾರಿ ದಾಖಲೆ ಮಾಡಿದರು. ಆ ವರ್ಷದ ಕಾಲಿಯರ್ ಟ್ರೋಫಿ ನಾಕಾಕ್ಕೆ ಸಂದಿತು. ಇಂಗ್ಲೆಂಡಿನಲ್ಲಿ ಹ್ಯೂಬರ್ಟ್ ಟೌನೆಂಡ್ ಕೂಡ ಸ್ವತಂತ್ರವಾಗಿ ಇದೇ ಜಾಡಿನಲ್ಲಿದ್ದರು. ಸಿಲಿಂಡರುಗಳ ಸುತ್ತ ಅವರು ತೊಡಿಸಿದ್ದು ಕಿರಿದಾದ ಒಂದು ಉಂಗುರ.

ಗೆಲುವಿನ ಬೆನ್ನಿಗೇ ಒಂದು ಸೋಲೂ ಬಂತು. ಮೂರು ಎಂಜಿನ್ನಿನ ಫಾಕರ್ ವಿಮಾನದಲ್ಲಿ ರೆಕ್ಕೆಯ ಕೆಳಗೆ ತೂಗುವ ಎಂಜಿನ್‌ಗಳಿಗೆ ಇದೇ ಹೊದಿಕೆ ಹಾಕಿದಾಗ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಏಕೆಂದು ಬೆನ್ನತ್ತಿ ಹೋದಾಗ, ಎಂಜಿನ್ನನ್ನು ರೆಕ್ಕೆಯ ಮುಂಚೂಣಿ ಅಂಚಿನಲ್ಲೇ ಕೂರಿಸುವುದು ಒಳ್ಳೆಯದೆಂಬ ಇನ್ನೊಂದು ದೊಡ್ಡ ಸಂಗತಿ ಸಿಕ್ಕಿತು. 1930ರ ದಶಕದಲ್ಲಿ ನಾರ್ವೆ ಮೂಲದ ಥಿಯೊಡೋರ್ ಥಿಯೊಡಾರ್ಸನ್ ಮತ್ತು ಸಂಗಡಿಗರು ಹೊದಿಕೆ ಕೆಲಸ ಮಾಡುವ ಬಗೆಯನ್ನು ಗಣಿತದಿಂದಲೂ ಪ್ರಯೋಗದಿಂದಲೂ ಬಿಡಿಸಿಟ್ಟರು. ಆ ಹೊತ್ತಿಗೆ ಉದ್ಯಮದ ಎಂಜಿನಿಯರುಗಳು ಸಿಲಿಂಡರಿನ ಬೆನ್ನಿಗೆ ಬಿಗಿಯಾಗಿ ತಗಡು ಸುತ್ತುವುದನ್ನು ಕಲಿತಿದ್ದರು. ಈ ತಗಡುಗಳಿಗೆ ಬ್ಯಾಫಲ್ ಎಂದು ಹೆಸರು. ಗಾಳಿ ಎಷ್ಟು ಜೋರಾಗಿ ಬೀಸುತ್ತದೆ ಎಂಬುದು ಹಿಂದೆ ಬಿತ್ತು. ಸಿಲಿಂಡರಿನ ಒಂದು ಪಕ್ಕದಲ್ಲಿ ಒತ್ತಡ ಎಷ್ಟು, ಇನ್ನೊಂದು ಪಕ್ಕದಲ್ಲಿ ಎಷ್ಟು ಎಂಬುದೇ ಮುಂದಿನ ಲೆಕ್ಕವಾಯಿತು. ಆ ವ್ಯತ್ಯಾಸವೇ ಗಾಳಿಯನ್ನು ಫಿನ್‌ಗಳ ನಡುವೆ ನೂಕುತ್ತದೆ.

ವೀಕ್ ಅವರು 1930ರ ದಶಕದ ಆರಂಭದಲ್ಲಿ ಲ್ಯಾಂಗ್ಲಿಯ ಕೆಲವು ಸಹೋದ್ಯೋಗಿಗಳನ್ನು ಕೂಡಿಕೊಂಡು, ಕಚೇರಿಯ ಕೆಲಸ ಮುಗಿದ ಮೇಲೆ ತಮ್ಮದೇ ಖರ್ಚಿನಲ್ಲಿ ಡಬ್ಲ್ಯೂ-1 ಎಂಬ ಪುಟ್ಟ ವಿಮಾನ ಕಟ್ಟಿದರು. ಅದೇ ವಿಚಾರ ಮುಂದೆ ಎರ್‌ಕೂಪ್ ಆಯಿತು. ಗಿರಕಿ ಹೊಡೆಯುತ್ತ ಬೀಳುವುದೇ ಅಸಾಧ್ಯವಾಗುವಂತೆ ರೂಪಿಸಿದ ವಿಮಾನವದು. ಸಾಮಾನ್ಯರ ಪ್ರಾಣ ಉಳಿಯಲಿ ಎಂಬ ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ.

ಬೇಕೆಂದೇ ಗಿರಕಿ ಹೊಡೆಯುವವರೂ ಅದೇ ದೇಶದಲ್ಲಿದ್ದರು. 1940ರ ದಶಕದ ಮಧ್ಯದಲ್ಲಿ ಕರ್ಟಿಸ್ ಪಿಟ್ಸ್ ಎಂಬವರು ಕಸರತ್ತಿಗೆಂದೇ ಒಂದು ಎರಡಂತಸ್ತಿನ ರೆಕ್ಕೆಯ ವಿಮಾನ ಕಟ್ಟಿದರು. ತುದಿಯಿಂದ ತುದಿಗೆ ರೆಕ್ಕೆಯ ಉದ್ದ ಐದೂಕಾಲು ಮೀಟರ್ ಮಾತ್ರ. ಮೊದಲನೆಯದಕ್ಕೆ 55 ಅಶ್ವಶಕ್ತಿಯ ಎಂಜಿನ್. ಪಿಟ್ಸ್ ಕಟ್ಟಿದ ಇನ್ನೊಂದು ವಿಮಾನವನ್ನು ಬೆಟ್ಟಿ ಸ್ಕೆಲ್ಟನ್ ಕೊಂಡು, 1948ರಿಂದ ಮೂರು ವರ್ಷ ಅಮೆರಿಕದ ಮಹಿಳಾ ಕಸರತ್ತು ಚಾಂಪಿಯನ್ ಆಗಿ ಮೆರೆದರು. ಅದನ್ನು ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ವರ್ಜೀನಿಯಾ ಸಂಗ್ರಹಾಲಯದಲ್ಲಿ ತಲೆಕೆಳಗಾಗಿಯೇ ತೂಗುಹಾಕಿದ್ದಾರೆ. 1953ರಲ್ಲಿ ಪಾಲ್ ಪೊಬರೆಜ್ನಿ ಮಿಲ್ವಾಕಿಯಲ್ಲಿ ಮನೆಯಲ್ಲೇ ವಿಮಾನ ಕಟ್ಟುವವರ ಸಂಘ ಸ್ಥಾಪಿಸಿದರು. 1960ರ ದಶಕದಲ್ಲಿ ಪಿಟ್ಸ್ ತಮ್ಮ ನಕ್ಷೆಗಳನ್ನು ಅಂಥವರಿಗೆ ಮಾರಿದರು. ಲ್ಯಾಂಗ್ಲಿಯ ಪ್ರಶ್ನೆ ಈಗ ಮನೆಮನೆಯ ಗ್ಯಾರೇಜಿಗೆ ಬಂತು.

ಆ ಹೊತ್ತಿಗೆ ಸಣ್ಣ ವಿಮಾನಗಳಲ್ಲಿ ಎದುರುಬದುರಾಗಿ ಅಡ್ಡ ಮಲಗಿದ ನಾಲ್ಕು ಸಿಲಿಂಡರಿನ ಎಂಜಿನ್ ನೆಲೆನಿಂತಿತ್ತು. ಪ್ರೊಪೆಲ್ಲರಿನ ಎರಡು ಪಕ್ಕದ ಕಿಂಡಿಗಳಿಂದ ಗಾಳಿ ಒಳಬಂದು ಎಂಜಿನ್ನಿನ ಮೇಲೆ ತುಂಬಿಕೊಳ್ಳುತ್ತದೆ, ಫಿನ್‌ಗಳ ನಡುವೆ ಕೆಳಕ್ಕೆ ನುಗ್ಗುತ್ತದೆ, ಹೊಟ್ಟೆಯ ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ. ಪಿಟ್ಸ್ ವಿಮಾನದ ಅದೇ ಪುಟ್ಟ ಮೂತಿಯಲ್ಲಿ ಕಾಲಕ್ರಮೇಣ 180 ಅಶ್ವಶಕ್ತಿಯ ಲೈಕೋಮಿಂಗ್ ಎಂಜಿನ್ ಬಂದು ಕೂತಿತು. ಶಕ್ತಿ ಮೂರು ಪಟ್ಟಾದರೆ ಹೊರಹಾಕಬೇಕಾದ ಶಾಖವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು.

ಕಸರತ್ತು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನೆಲಮಟ್ಟದಲ್ಲಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 19 ಸೆಂಟಿಮೀಟರ್ ನೀರಿನ ಕಂಬದಷ್ಟು. ವೇಗ 100ಕ್ಕೆ ಇಳಿದರೆ ಅದು 5 ಸೆಂಟಿಮೀಟರಿಗೂ ಕಡಿಮೆ. ನೆಟ್ಟಗೆ ಮೇಲಕ್ಕೆ ಏರುವ ವಿಮಾನದಲ್ಲಿ ಎಂಜಿನ್ ಪೂರ್ಣ ಶಕ್ತಿಯಲ್ಲಿ ಉರಿಯುತ್ತಿರುತ್ತದೆ, ವೇಗ ಸೊನ್ನೆಯತ್ತ ಜಾರುತ್ತಿರುತ್ತದೆ. ಆಗ ಪ್ರೊಪೆಲ್ಲರ್ ತಳ್ಳುವ ಗಾಳಿಯೊಂದೇ ಗತಿ. ಮರುಕ್ಷಣವೇ ಥ್ರಾಟಲ್ ಇಳಿಸಿ ನೆಲದತ್ತ ಧುಮುಕಿದರೆ, ಸುಡುತ್ತಿದ್ದ ಸಿಲಿಂಡರಿನ ಮೇಲೆ ರಭಸದ ಗಾಳಿ ಸುರಿಯುತ್ತದೆ. ಲೈಕೋಮಿಂಗ್ ಎಂಜಿನ್ನಿನಲ್ಲಿ ಸಿಲಿಂಡರಿನ ತಲೆಗೆ 260 ಡಿಗ್ರಿ ಸೆಲ್ಸಿಯಸ್ ಅಂತಿಮ ಮಿತಿ, ಆದರೆ ಬಾಳಿಕೆ ಬೇಕಿದ್ದರೆ 224ರ ಒಳಗೇ ಇರಲಿ ಎಂಬುದು ತಯಾರಕರ ಸಲಹೆ. ಬಿಸಿ ಏರಿದಷ್ಟೂ ಅಲ್ಯೂಮಿನಿಯಮ್ಮಿನ ಬಲ ಕುಂದುತ್ತದೆ.

ವಿಮಾನ ತಲೆಕೆಳಗಾದರೆ ತಂಪು ಮಾಡುವ ಗಾಳಿಗೆ ಚಿಂತೆಯಿಲ್ಲ. ಅದು ಒತ್ತಡ ಕಂಡ ಕಡೆಯಿಂದ ಹೊರಡುತ್ತದೆಯೇ ಹೊರತು ಮೇಲು ಕೆಳಗು ನೋಡುವುದಿಲ್ಲ. ಎಣ್ಣೆ ನೋಡುತ್ತದೆ. ತಳದ ಸಂಪಿನಲ್ಲಿದ್ದ ಎಣ್ಣೆ ಮಗುಚಿದೊಡನೆ ಕ್ರ್ಯಾಂಕ್‌ಕೇಸಿನ ಮೇಲ್ಭಾಗಕ್ಕೆ ಸುರಿಯುತ್ತದೆ, ಪಂಪು ಗಾಳಿ ಹೀರುತ್ತದೆ, ಕೆಲವೇ ಕ್ಷಣಗಳಲ್ಲಿ ಎಣ್ಣೆಯ ಒತ್ತಡ ಬಿದ್ದುಹೋಗುತ್ತದೆ. ಪಿಸ್ಟನ್ನಿನ ಶಾಖವನ್ನೂ ಹೊರತರುವ ಎಣ್ಣೆಗೆ ಇದೇ ಗಂಡಾಂತರ. ಕ್ಯಾಲಿಫೋರ್ನಿಯಾದ ಫ್ರಾಂಕ್ ಕ್ರಿಸ್ಟೆನ್ಸನ್ ಇದಕ್ಕೆ ಪರಿಹಾರವಾಗಿ ರೂಪಿಸಿದ ವ್ಯವಸ್ಥೆಯಲ್ಲಿ ಲೋಹದ ಗುಂಡುಗಳ ಕವಾಟವಿದೆ. ವಿಮಾನ ಮಗುಚಿದರೆ ಗುಂಡೂ ಜಾರಿ ಸಂಪಿನ ದಾರಿ ಮುಚ್ಚುತ್ತದೆ, ಮೇಲ್ಭಾಗದಿಂದ ಎಣ್ಣೆ ಹೀರುವ ದಾರಿ ತೆರೆಯುತ್ತದೆ. ಇಷ್ಟು ಸರಳವಾಗಿ ಒಂದು ಪ್ರಾಣಾಪಾಯವನ್ನು ಬಗೆಹರಿಸಿದ ಉಪಕರಣಗಳು ವಿಮಾನಲೋಕದಲ್ಲಿ ಹೆಚ್ಚಿಲ್ಲ.

ಬೆಂಗಳೂರಿಗೂ ಈ ಕತೆಯ ಒಂದು ಎಳೆ ಬಂದಿದೆ. ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಇಂದಿನ ಎನ್‌ಎಎಲ್, 1980ರ ದಶಕದಲ್ಲಿ ಹಾರಿಸಿದ ಲೈಟ್ ಕೆನಾರ್ಡ್ ಸಂಶೋಧನಾ ವಿಮಾನ ಬರ್ಟ್ ರುಟಾನ್ ಅವರ ಲಾಂಗ್-ಈಜಿಯನ್ನು ಆಧರಿಸಿತ್ತು. ಅಮೆರಿಕದಲ್ಲಿ ಮನೆಯಲ್ಲೇ ವಿಮಾನ ಕಟ್ಟುವವರಿಗಾಗಿ ಹುಟ್ಟಿದ ವಿನ್ಯಾಸವದು. ಅದರಲ್ಲಿ ಎಂಜಿನ್ ಬಾಲದ ಕಡೆಗಿದೆ. ಪ್ರೊಪೆಲ್ಲರಿನ ಗಾಳಿ ಎಂಜಿನ್ನಿಗೆ ಎದುರಾಗಿ ಬೀಸುವುದೇ ಇಲ್ಲವಾದ್ದರಿಂದ ಅದನ್ನು ತಂಪಾಗಿಡುವುದು ಇನ್ನೂ ಸೂಕ್ಷ್ಮದ ಕೆಲಸ.

ಗ್ಯಾರೇಜಿನಲ್ಲಿ ಕಟ್ಟುವವರಿಗೆ ಇಪ್ಪತ್ತು ಅಡಿಯ ಸುರಂಗವಿಲ್ಲ. ಅವರ ಬಳಿ ಇರುವುದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಮತ್ತು ಒಂದಿಷ್ಟು ಬಣ್ಣದ ನೀರು. ಕೊಳವೆಯ ಒಂದು ತುದಿ ಎಂಜಿನ್ನಿನ ಮೇಲ್ಗಡೆ, ಇನ್ನೊಂದು ಕೆಳಗಡೆ. ಹಾರುವಾಗ ನೀರಿನ ಮಟ್ಟ ಎಷ್ಟು ಸರಿಯಿತು ಎಂಬುದು ಒತ್ತಡದ ವ್ಯತ್ಯಾಸವನ್ನು ಹೇಳಿಬಿಡುತ್ತದೆ. ಎಂಜಿನ್ ಕಾದರೆ ಮುಂದಿನ ಕಿಂಡಿಯನ್ನು ದೊಡ್ಡದು ಮಾಡೋಣ ಎಂಬುದು ಹೊಸಬರ ಮೊದಲ ಯೋಚನೆ. ಅದರಿಂದ ಬಹಳ ಸಲ ಗಾಳಿಯ ತಡೆ ಮಾತ್ರ ಹೆಚ್ಚುತ್ತದೆ. ಬ್ಯಾಫಲ್ಲಿನ ಅಂಚಿಗೂ ಕೌಲಿಂಗಿಗೂ ನಡುವೆ ಹಚ್ಚುವ ಸಿಲಿಕೋನ್ ರಬ್ಬರ್ ಪಟ್ಟಿ ಒತ್ತಡವಿರುವ ಕಡೆಗೇ ಬಾಗಿರಬೇಕು. ಆಗ ಗಾಳಿಯೇ ಅದನ್ನು ಒತ್ತಿ ಮುಚ್ಚುತ್ತದೆ. ಹಿಂದಕ್ಕೆ ಬಾಗಿದ್ದರೆ ಅಲ್ಲೇ ಸೋರಿಕೆ. ಕೌಲಿಂಗ್ ಹಾಕಿ ತೆಗೆಯುವ ಗಡಿಬಿಡಿಯಲ್ಲಿ ಒಂದು ಪಟ್ಟಿ ತಿರುಚಿಕೊಂಡರೂ ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ಬಿಸಿಯಾಗುತ್ತದೆ. ಮೊದಲು ಸಂದುಗಳನ್ನು ಮುಚ್ಚು, ಆಮೇಲೆ ಹೊರಹೋಗುವ ಬಾಯನ್ನು ನೋಡು, ಒಳಬರುವ ಕಿಂಡಿಗೆ ಕೈಹಾಕುವುದು ಕೊನೆಗೆ: ಅನುಭವಸ್ಥರು ಅನುಸರಿಸುವ ಕ್ರಮ ಇದು.

ಹೊಸ ಎಂಜಿನ್ನನ್ನು ಮೆಲ್ಲಗೆ ಓಡಿಸಿ ಕಾಪಾಡುವಂತೆಯೂ ಇಲ್ಲ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಲು ಮೊದಲ ಗಂಟೆಗಳಲ್ಲೇ ಹೆಚ್ಚು ಶಕ್ತಿಯಲ್ಲಿ ಓಡಬೇಕು, ಹೊಂದಿಕೊಳ್ಳುವಾಗಿನ ಉಜ್ಜಾಟದಿಂದ ಬಿಸಿಯೂ ಹೆಚ್ಚು. ಹಾಗಾಗಿ ಬ್ಯಾಫಲ್ಲಿನ ಕೆಲಸ ಮೊದಲ ಹಾರಾಟಕ್ಕೆ ಮುನ್ನವೇ ಮುಗಿದಿರಬೇಕು. ಅಮೆರಿಕದ ನಿಯಮದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪರೀಕ್ಷಾ ಹಾರಾಟದ ಅವಧಿಯೊಂದಿದೆ. ಲೂಪ್, ರೋಲ್, ಗಿರಕಿ, ಯಾವ ಕಸರತ್ತನ್ನು ಮುಂದೆ ಮಾಡಬೇಕೆಂದಿದ್ದರೂ ಅದನ್ನು ಆ ಅವಧಿಯಲ್ಲೇ ಮಾಡಿ ನೋಡಿ, ಯಾವ ವೇಗದಲ್ಲಿ ಮಾಡಿದ್ದೆಂದು ವಿಮಾನದ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ಬರೆಯುವ ಪೈಲಟ್ ಸಿಲಿಂಡರುಗಳ ಬಿಸಿಯನ್ನೂ ಒಂದೊಂದಾಗಿ ಗುರುತು ಮಾಡಿಕೊಂಡರೆ, ಇಳಿದ ಮೇಲೆ ಯಾವ ಪಟ್ಟಿಯನ್ನು ತಿದ್ದಬೇಕೆಂದು ಅವರಿಗೆ ಗೊತ್ತಾಗುತ್ತದೆ.