ಕೊಳದ ಮೇಲಿನ ಕಟ್ಟಿಗೆಯ ಸೇತುವೆ

ನೀರಿನ ಮೇಲಿನ ದಾರಿಯೆಂದರೆ ನಮ್ಮ ಭಾಗದವರಿಗೆ ಕಲ್ಲಿನ ಕೆಲಸವೇ ನೆನಪಾಗುತ್ತದೆ. ಸೊಲ್ಲಾಪುರ–ಹೈದರಾಬಾದ ರಸ್ತೆಯಲ್ಲಿರುವ ನಳದುರ್ಗದಲ್ಲಿ ಬೋರಿ ನದಿಗೆ 1613ರಲ್ಲಿ, ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, ಕಟ್ಟಿದ ಒಡ್ಡು ಕೋಟೆಯನ್ನೂ ಎದುರಿನ ರಣಮಂಡಲವನ್ನೂ ಜೋಡಿಸುತ್ತದೆ. ನಾಲ್ಕು ನೂರು ಮಳೆಗಾಲಗಳನ್ನು ಕಂಡ ಆ ಕಲ್ಲು ಇಂದಿಗೂ ನಿಂತಿದೆ. ಹಾಗಾದರೆ ಕಟ್ಟಿಗೆಯ ಸೇತುವೆ ಬಾಳುವುದು ಹೇಗೆ? ಇದಕ್ಕೆ ಫ್ರಾನ್ಸ ದೇಶದ ಜಿವೆರ್ನಿ ಎಂಬ ಹಳ್ಳಿಯ ತೋಟವೊಂದು ಉತ್ತರ ಕೊಡುತ್ತದೆ.

ಖ್ಯಾತ ಚಿತ್ರಕಾರ ಕ್ಲೋದ್ ಮೊನೆ 1883ರಲ್ಲಿ ಆ ಹಳ್ಳಿಗೆ ಬಂದು ನೆಲೆಸಿದನು. 1893ರಲ್ಲಿ ಮನೆಯ ಮುಂದಿನ ರೈಲುಹಳಿಯ ಆಚೆ ಜಾಗ ಕೊಂಡು ಕೊಳ ತೋಡಿಸಿದನು. ಪರದೇಶದ ಗಿಡಗಳಿಂದ ಹಳ್ಳದ ನೀರು ಕೆಟ್ಟೀತೆಂದು ಊರವರು ತಕರಾರು ಮಾಡಿದರು. ಕೊನೆಗೆ ಪರವಾನಗಿ ದೊರೆಯಿತು. ಕೊಳದಲ್ಲಿ ನೈದಿಲೆಗಳು ಅರಳಿದವು; ಅದರ ಮೇಲೆ ಬಾಗಿದ ಕಾಲುಸೇತುವೆ ಎದ್ದಿತು. ಮೊನೆ ಜಪಾನಿನ ಅಚ್ಚಿನ ಚಿತ್ರಗಳನ್ನು ಕೂಡಿಹಾಕಿದ್ದನು. ಸೇತುವೆಯ ಮಾದರಿ ಅವುಗಳದೇ. ಜಪಾನಿನಲ್ಲಿ ಇಂಥವುಗಳಿಗೆ ಹಲವೆಡೆ ಕೆಂಪು ಬಣ್ಣವಿದ್ದರೆ, ಈತ ಹಸಿರು ಬಳಿಸಿದನು. 1899ರಲ್ಲಿ ಅದನ್ನೇ ಮತ್ತೆ ಮತ್ತೆ ಚಿತ್ರಿಸಿದನು.

ಬಾಗಿದ ಸೇತುವೆ ಕಣ್ಣಿಗೆ ಅಂದವಷ್ಟೇ ಅಲ್ಲ. ಅದರ ಮೇಲೆ ಮಳೆನೀರು ನಿಲ್ಲದೆ ಎರಡೂ ಕಡೆಗೆ ಇಳಿಯುತ್ತದೆ. ನಡುವೆ ದೋಣಿ ಸಾಗಲು ಎಡೆಯಾಗುತ್ತದೆ. ಆದರೂ ಮರಕ್ಕೆ ತೇವವೇ ವೈರಿ. ನೀರು ತಗಲುವ ಬುಡದಲ್ಲಿ, ತೇವ ಆರದ ಜೋಡಣೆಯ ಸಂದುಗಳಲ್ಲಿ ಅಣಬೆ ಬೆಳೆದು ಮರ ಕೊಳೆಯುತ್ತದೆ.

ಜಿವೆರ್ನಿಯಲ್ಲಿ ಆದದ್ದೂ ಇದೇ. 1926ರಲ್ಲಿ ಮೊನೆ ತೀರಿಕೊಂಡನು. ಕಾಲಾನಂತರ ತೋಟ ಹಾಳುಬಿದ್ದು ಸೇತುವೆ ಶಿಥಿಲವಾಯಿತು. 1977ರ ನಂತರ ಜೀರ್ಣೋದ್ಧಾರ ನಡೆಯಿತು. ಹಳೆಯ ಸೇತುವೆ ಉಳಿಯುವಂತಿರಲಿಲ್ಲ. ಬೀಚ್ ಎಂಬ ಮರದಿಂದ ಅದೇ ಆಕಾರದಲ್ಲಿ ಹೊಸದನ್ನು ಕಟ್ಟಿದರು. 1980ರಲ್ಲಿ ತೋಟ ಜನರಿಗೆ ತೆರೆಯಿತು. ಜಪಾನಿನ ಇವಾಕುನಿಯಲ್ಲಿ 1673ರಲ್ಲಿ ಕಟ್ಟಿದ ಕಿಂತಾಯ್ ಸೇತುವೆಯ ಕಥೆಯೂ ಹೀಗೆಯೇ. 1950ರ ನೆರೆಯಲ್ಲಿ ಅದು ಕೊಚ್ಚಿಹೋದಾಗ, 1953ರಲ್ಲಿ ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದರು.

ಕಲ್ಲು ತನ್ನ ಗಟ್ಟಿತನದಿಂದ ಬಾಳಿದರೆ, ಮರ ಜನರ ಆರೈಕೆಯಿಂದ ಬಾಳುತ್ತದೆ. ಹಲಗೆ ಹೋದರೂ ಆಕಾರ, ಅಳತೆ, ಕೈಕಸುಬು ಉಳಿದರೆ ಸೇತುವೆ ಮರಳಿ ಬರುತ್ತದೆ. ನಮ್ಮೂರಿನ ಹಳೆಯ ವಾಡೆಗಳಲ್ಲೂ ಕೆತ್ತನೆಯ ಕಂಬ, ತೊಲೆ, ಬಾಗಿಲುಗಳಿವೆ. ಅವು ಬೀಳುವ ಮೊದಲೇ ಅಳೆದು, ಚಿತ್ರ ಬರೆದು, ಬಲ್ಲ ಬಡಿಗರನ್ನು ಕೇಳಿ ಬರೆದಿಡೋಣ. ವಿದ್ಯಾರ್ಥಿಗಳಾದ ನಮ್ಮ ಕೈಲಾಗುವ ಕೆಲಸವಿದು.